ಮುಂದಕ್ಕೆ ತಳ್ಳಿದ ಕಲ್ಲು

ಗಣಿಯಲ್ಲಿ ಅವನಿಗೆ ತಕ್ಕಡಿ ಎಂದು ಅಡ್ಡಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನು ತಿರುಗಿಸಿದ ಮೇಲೆ ಬೇರೆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಕೇಳಿಯೂ ಕೇಳದವನ ಹಾಗೆ ನಡೆದುಹೋಗುತ್ತಿದ್ದ, ಒಳಗೊಳಗೇ ಒಂದಿಷ್ಟು ಹೆಮ್ಮೆಯನ್ನೂ ಪಡುತ್ತಿದ್ದ. ಪ್ಲಾನಿಂಗ್ ಆಫೀಸಿನಲ್ಲಿ ಕೂತು ಕೂತೇ ತಲೆ ನರೆಸಿಕೊಂಡವನಿಗೆ ಅಷ್ಟಾದರೂ ಬೇಡವೇ?

ಅವನ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ತಲೆನೋವು. ಗಣಿಯ ಮಗ್ಗುಲಲ್ಲೇ ಒಂದು ಕಾರ್ಖಾನೆ. ಅದರ ಹೊಟ್ಟೆ ಬಹಳ ನಾಜೂಕು: ದಿನವೂ ಅಷ್ಟೇ ಅದಿರು ಬೇಕು, ಅದೂ ಒಂದೇ ಹದದ್ದು ಬೇಕು. ಗಣಿಯ ಗುಂಡಿಗೆ ಅಂಥ ಶಿಸ್ತು ಎಲ್ಲಿಂದ ಬರಬೇಕು? ಒಂದು ಮೂಲೆಯಲ್ಲಿ ಸತ್ವವಾದ ಅದಿರು, ಇನ್ನೊಂದು ಮೂಲೆಯಲ್ಲಿ ಸಪ್ಪೆ ಅದಿರು, ಮಿಕ್ಕ ಕಡೆಯೆಲ್ಲ ಯಾತಕ್ಕೂ ಬಾರದ ಬರಡು ಕಲ್ಲು. ಆ ಕಲ್ಲನ್ನು ಸರಿಸಿದರೆ ಮಾತ್ರ ಅಡಿಯಲ್ಲಿರುವ ಅದಿರು ಕೈಗೆ ಸಿಗುತ್ತದೆ. ಯಾವ ತಿಂಗಳು ಎಲ್ಲಿಯ ಕಲ್ಲು ಸರಿಸಬೇಕು, ಎಲ್ಲಿಯ ಅದಿರನ್ನು ಯಾವುದರ ಜೊತೆ ಬೆರೆಸಬೇಕು, ಯಾವ ಪಾಳಿಯಲ್ಲಿ ಎಷ್ಟು ಡಂಪರ್ ಓಡಬೇಕು ಎಂದು ವರ್ಷಗಟ್ಟಲೆ ಮುಂದಾಗಿ ಹೊಂದಿಸುವುದು ಅವನ ಕೆಲಸ. ಒಂದು ತಿಂಗಳು ಹೊಟ್ಟೆ ಬಿರಿಯುವಷ್ಟು, ಮರುತಿಂಗಳು ಉಪವಾಸ ಎಂದಾಗಬಾರದು.

ಈ ಕೆಲಸದಲ್ಲಿ ಒಂದು ದೊಡ್ಡ ಆಮಿಷ ಇದೆ. ಬರಡು ಕಲ್ಲು ಸರಿಸಿದರೆ ಡೀಸೆಲ್ ಖರ್ಚು ಬಿಟ್ಟು ಇವತ್ತು ಏನೂ ಹುಟ್ಟುವುದಿಲ್ಲ, ಸರಿಸದಿದ್ದರೆ ಇವತ್ತು ಏನೂ ಕೆಡುವುದಿಲ್ಲ. ಹಾಗಾಗಿ ಬಂದ ಬಂದ ಮ್ಯಾನೇಜರುಗಳೆಲ್ಲ, "ಆ ಕಲ್ಲನ್ನ ಸ್ವಲ್ಪ ಮುಂದಕ್ಕೆ ತಳ್ಳಿ ನೋಡೋಣ" ಎಂದು ಹಲ್ಲು ಕಿರಿಯುವವರೇ. ತಳ್ಳಿದ ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಕೂತಿರುತ್ತದೆ. ಒಂದು ದಿನ ಅದಿರಿನ ದಾರಿಗೆ ಅಡ್ಡ ನಿಂತು, ಕಾರ್ಖಾನೆಯ ಬಾಯಿಗೆ ಮಣ್ಣು ಹಾಕುತ್ತದೆ. ತಕ್ಕಡಿ ಯಾವ ಮ್ಯಾನೇಜರಿಗೂ ಸೊಪ್ಪು ಹಾಕಿದವನಲ್ಲ. ಆದ್ದರಿಂದ ಅವನೇ ಒಂದು ದಿನ ಪಶ್ಚಿಮದ ಗೋಡೆಯ ಕಲ್ಲನ್ನೆಲ್ಲ ಆರು ತಿಂಗಳು ಮುಂದಕ್ಕೆ ತಳ್ಳಿದಾಗ ಯಾರಿಗೂ ಅನುಮಾನ ಬರಲಿಲ್ಲ. ಇಂಥವನು ತಳ್ಳಿದ್ದಾನೆ ಅಂದರೆ ಏನೋ ಲೆಕ್ಕ ಇರಬೇಕು ಎಂದುಕೊಂಡರು.

ಲೆಕ್ಕವೇನೋ ಇತ್ತು. ಅದು ಗಣಿಯದಲ್ಲ, ಮನೆಯದು.

ಅವನ ಹೆಂಡತಿ ಅದೇ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದಳು. ಮಗಳು ಚಿಕ್ಕವಳಿದ್ದಾಗ ಮನೆಯಲ್ಲಿ ಒಬ್ಬರು ಇರಲೇಬೇಕಿತ್ತು. ಅವನದು ಹಗಲಿನ ಆಫೀಸು, ಅದಕ್ಕೇ ಅವಳು ಎರಡನೇ ಪಾಳಿ ಹಿಡಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಣಿಯ ಗೇಟಿನ ಹತ್ತಿರ ಅವಳು ಮಗಳ ಕೈಯನ್ನು ಅವನ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದಳು. ಅವಳು ಮನೆಗೆ ವಾಪಸಾಗುವಾಗ ಅಪ್ಪ ಮಗಳು ಮಲಗಿರುತ್ತಿದ್ದರು. ಬೆಳಿಗ್ಗೆ ಅವನು ಹೊರಡುವಾಗ ಅವಳು ಮಲಗಿರುತ್ತಿದ್ದಳು. ಭಾನುವಾರ ಅವನಿಗೆ ರಜೆ, ಅವಳ ವಾರದ ರಜೆ ಸರದಿಯ ಮೇಲೆ ಯಾವತ್ತೋ ಬರುತ್ತಿತ್ತು. ಮಗಳು ಬೆಳೆದಳು, ನರ್ಸ್ ಆದಳು, ಮದುವೆಯಾಗಿ ಬೇರೆ ಊರು ಸೇರಿದಳು. ಗೇಟಿನ ಹತ್ತಿರ ಕೈಯಿಂದ ಕೈಗೆ ಕೊಡುವುದಕ್ಕೆ ಏನೂ ಉಳಿಯಲಿಲ್ಲ. ಪಾಳಿ ಮಾತ್ರ ಹಾಗೇ ಉಳಿಯಿತು.

ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಮನೆ ನಡೆಯುತ್ತಿತ್ತಲ್ಲ. ಅಡುಗೆ ಮುಚ್ಚಿಟ್ಟಿರುತ್ತಿತ್ತು, ಬಟ್ಟೆ ಮಡಿಸಿರುತ್ತಿತ್ತು. ಅವನೂ ಪಾತ್ರೆ ತೊಳೆದಿಟ್ಟು, ನೀರು ತುಂಬಿಸಿ, ಬಾಗಿಲ ದೀಪ ಹಾಕಿ ಮಲಗುತ್ತಿದ್ದ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುತ್ತಿರಲಿಲ್ಲ. ಜಗಳಕ್ಕೆ ಕೂಡ ಪುರುಸೊತ್ತು ಸಿಗದ ಸಂಸಾರ. ಇಷ್ಟು ನಯವಾಗಿ ನಡೆಯುವ ಮನೆ ಕಾಲೋನಿಯಲ್ಲಿ ಇನ್ನೊಂದಿಲ್ಲ ಎಂದು ಅವನು ನಂಬಿದ್ದ, ಪಾಪ.

ಒಂದು ಭಾನುವಾರ ಮಗಳ ಫೋನ್ ಬಂತು. ಅದೂ ಇದೂ ಮಾತಾಡಿ, "ಅಮ್ಮ ಹೇಗಿದ್ದಾಳಪ್ಪಾ?" ಎಂದಳು.

"ಚೆನ್ನಾಗಿದ್ದಾಳೆ. ಅವಳಿಗೇನಾಗಿದೆ?"

"ಊತ ಇಳೀತಾ?"

"ಎಂಥ ಊತ?"

"ಹಲ್ಲು ಕೀಳಿಸಿಕೊಂಡಳಲ್ಲಪ್ಪಾ ಹೋದ ವಾರ. ಎರಡು ಹಲ್ಲು. ನಿಂಗೆ ಗೊತ್ತಿಲ್ವಾ?"

"ಓ, ಅದಾ… ಇಳೀತು, ಇಳೀತು" ಎಂದು ಬಾಯಿಗೆ ಬಂದದ್ದು ಹೇಳಿ ಫೋನ್ ಇಟ್ಟ. ಎಡಗಡೆಯೋ ಬಲಗಡೆಯೋ, ಅದೂ ಗೊತ್ತಿಲ್ಲ. ಒಂದೇ ಸೂರಿನಡಿ ಮಲಗುವ ಹೆಂಗಸು ಮುಖ ಊದಿಸಿಕೊಂಡು ವಾರವಿಡೀ ಓಡಾಡಿದ್ದಾಳೆ, ತನ್ನ ಕಣ್ಣಿಗೆ ಅದು ಬಿದ್ದಿಲ್ಲ. ಅವಳ ಮುಖವನ್ನು ತಾನು ನೆಟ್ಟಗೆ ನೋಡಿ ಎಷ್ಟು ಕಾಲವಾಯಿತು ಎಂದು ಯೋಚಿಸಿದ. ನೆನಪಿಗೆ ಬಂದದ್ದು ಬರೀ ಹೆಲ್ಮೆಟ್ಟು. ಆ ದಿನ ಅವನಿಗೆ ಬಂದ ಒಂಟಿತನ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ; ಎಷ್ಟೋ ವರ್ಷದಿಂದ ಮನೆಯಲ್ಲೇ ಇದ್ದದ್ದನ್ನು ಅವನು ಅವತ್ತು ಕಂಡ, ಅಷ್ಟೇ.

ಬೇರೆಯವನಾಗಿದ್ದರೆ ಹೆಂಡತಿಯ ಹತ್ತಿರ ಕೂತು ಮಾತಾಡುತ್ತಿದ್ದ. ಇವನು ಪ್ಲಾನಿಂಗ್‌ನವನು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂತ. ಎರಡನೇ ಪಾಳಿಯಲ್ಲಿ ಓಡುವ ಡಂಪರುಗಳೆಲ್ಲ ಹೊರುವುದು ಪಶ್ಚಿಮದ ಗೋಡೆಯ ಬರಡು ಕಲ್ಲನ್ನೇ. ಆ ಕಲ್ಲನ್ನು ಆರು ತಿಂಗಳು ಮುಂದಕ್ಕೆ ಹಾಕಿದರೆ ಎರಡನೇ ಪಾಳಿಯೇ ಬೇಡ. ಅಷ್ಟು ದಿನ ಕಾರ್ಖಾನೆಗೆ ಪೂರ್ವದ ಅದಿರು ಸಾಕು, ಹದ ತಪ್ಪಿದ ದಿನ ಅದಿರು ಪುಡಿಮಾಡುವ ಕ್ರಷರ್ ಪಕ್ಕ ಬಿದ್ದಿರುವ ಹಳೇ ಅದಿರಿನ ರಾಶಿಯಿಂದ ಬೆರೆಸಿದರಾಯಿತು. ಎರಡನೇ ಪಾಳಿ ಇಲ್ಲವೆಂದರೆ ಅವಳು ಹಗಲಿಗೆ ಬರುತ್ತಾಳೆ, ಸಂಜೆ ಮನೆಯಲ್ಲಿರುತ್ತಾಳೆ. ಆಮೇಲಿನ ಮಾತು ಆಮೇಲೆ. ಇಷ್ಟು ವರ್ಷ ಯಾರಿಗೂ ತಳ್ಳಲು ಬಿಡದ ಕಲ್ಲನ್ನು ಅವನು ತನ್ನ ಕೈಯಾರೆ ತಳ್ಳಿದ. ಹೆಂಡತಿಗೆ ಒಂದು ಮಾತು ಹೇಳಲಿಲ್ಲ. ಹಿಗ್ಗಿಗೆ ಹೇಳಲಿಲ್ಲವೋ, ನಾಚಿಕೆಗೆ ಹೇಳಲಿಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಮ್ಯಾನೇಜರ್ ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ನೀವೂ ದಾರಿಗೆ ಬಂದ್ರಿ ನೋಡಿ!" ಎಂದು ಬೆನ್ನು ತಟ್ಟಿದರು.

ಮೊದಲ ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ನಡೆದು ಬಂದರು. ದಾರಿಯಲ್ಲಿ ಅವಳು ಎರಡು ಹೆಜ್ಜೆ ಮುಂದೆ, ಅವನು ಹಿಂದೆ. ಕೂಡಿ ನಡೆದು ರೂಢಿ ತಪ್ಪಿತ್ತು. ಬೀಗ ತೆಗೆಯಲು ಇಬ್ಬರೂ ಜೇಬಿಗೆ ಕೈ ಹಾಕಿದರು. ಒಳಗೆ ಹೋದರೆ ಕಿಟಕಿಯ ಹತ್ತಿರ ಇದ್ದದ್ದು ಒಂದೇ ಆರಾಮ ಕುರ್ಚಿ. ಅವನು ಸಂಜೆಯೆಲ್ಲ ಕೂರುವುದು ಅದರಲ್ಲೇ, ಅವಳು ಬೆಳಿಗ್ಗೆ ಚಹಾ ಕುಡಿಯುವುದೂ ಅದರಲ್ಲೇ. ಇಬ್ಬರೂ ಅದರ ಕಡೆಗೇ ಹೋಗಿ, ಇಬ್ಬರೂ ನಿಂತರು.

"ಕೂತ್ಕೊಳ್ಳಿ" ಎಂದಳು ಅವಳು.

"ನೀನು ಕೂತ್ಕೋ. ದಣಿದಿದ್ದೀಯ."

"ನಂಗೇನು ದಣಿವು? ನೀವು ಕೂತ್ಕೊಳ್ರೀ."

ಕೊನೆಗೆ ಯಾರೂ ಕೂರಲಿಲ್ಲ. ಅವನು ಚಹಾ ಮಾಡಿದ, ಎರಡು ಚಮಚ ಸಕ್ಕರೆ ಹಾಕಿ ಕೊಟ್ಟ. ಅವಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಸಕ್ಕರೆ ಬಿಟ್ಟು ಬಹಳ ಕಾಲವಾಯಿತಂತೆ. ಅವನು ನಾಲಿಗೆ ಕಚ್ಚಿಕೊಂಡ. ಮಾರನೇ ದಿನವೇ ಹೋಗಿ ಇನ್ನೊಂದು ಆರಾಮ ಕುರ್ಚಿ ತಂದ, ಎರಡನ್ನೂ ಕಿಟಕಿಗೆ ಮುಖ ಮಾಡಿ ಹಾಕಿದ. ಕುರ್ಚಿ ತಂದರೆ ಮಾತು ತಾನಾಗಿ ಬರುತ್ತದೆ ಎಂದು ಅವನ ಎಣಿಕೆ.

ಮಾತು ಬರಲಿಲ್ಲ. ಮೊದಲು ಮಗಳ ವಿಷಯ ಆಡಿದರು, ಅದು ಒಂದು ವಾರಕ್ಕೆ ಮುಗಿಯಿತು. ಆಮೇಲೆ ಅವನು ಗಣಿಯ ವಿಷಯ ತೆಗೆದ. ಹಳೇ ರಾಶಿ ಕರಗುತ್ತಿರುವುದು, ಪೂರ್ವದ ಅದಿರು ಸ್ವಲ್ಪ ಸಪ್ಪೆಯಾಗುತ್ತಿರುವುದು ಎಲ್ಲವನ್ನೂ ವಿವರವಾಗಿ ಹೇಳಿದ. ಅವಳು "ಹೂಂ" ಎಂದಳು. ಅವಳು ಟೀವಿ ಹಾಕಿದರೆ ಮನೆ ಹಾರಿಹೋಗುವಷ್ಟು ಸದ್ದು. ಎಂಜಿನ್ನಿನ ಪಕ್ಕ ಕೂತು ಕೂತು ಅವಳ ಕಿವಿ ಮಂದವಾಗಿತ್ತು. ಅದೂ ಅವನಿಗೆ ಹೊಸ ಸುದ್ದಿ. ಅವನಿಗೆ ತಲೆ ಸಿಡಿಯುತ್ತಿದ್ದರೂ ತುಟಿ ಪಿಟಕ್ಕೆನ್ನದೆ ಕೂತಿರುತ್ತಿದ್ದ. ಅವಳು ಅದನ್ನು ಗಮನಿಸಿ ಸದ್ದು ಇಳಿಸುತ್ತಿದ್ದಳು, ಆಮೇಲೆ ಏನೂ ಕೇಳಿಸದೆ ಸುಮ್ಮನೆ ಚಿತ್ರ ನೋಡುತ್ತಿದ್ದಳು. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಇಬ್ಬರೂ ಎಷ್ಟು ಜಾಗ್ರತೆ ಮಾಡುತ್ತಿದ್ದರೆಂದರೆ, ಹೋಟೆಲಿನ ಒಂದೇ ಮೇಜಿಗೆ ಕೂತ ಅಪರಿಚಿತರು ಕೂಡ ಅಷ್ಟು ಮಾಡುವುದಿಲ್ಲ.

ಒಂದು ಸಂಜೆ ಅವನು ಅಂಗಡಿಯಿಂದ ಬರುವಾಗ ಹಿತ್ತಲಿನಲ್ಲಿ ಯಾರೋ ಹಾಡುತ್ತಿದ್ದರು. ಬಕೆಟ್ ಬೋರಲು ಹಾಕಿಕೊಂಡು ಕೂತು, ಗೋಡೆಯ ಕಡೆ ಮುಖ ಮಾಡಿ, ಅವನ ಹೆಂಡತಿ ಗಂಟಲು ಬಿಚ್ಚಿ ಹಾಡುತ್ತಿದ್ದಳು. ಶ್ರುತಿ ಅಷ್ಟಕ್ಕಷ್ಟೇ. ಆದರೆ ಅಷ್ಟು ಸಲೀಸಾಗಿ, ಅಷ್ಟು ಖುಷಿಯಾಗಿ ಅವಳು ಇರಬಲ್ಲಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಸದ್ದು ಮಾಡದೆ ನಿಂತ. ಕೈಯಲ್ಲಿದ್ದ ಚೀಲ ಬಾಗಿಲಿಗೆ ತಾಗಿತು. ಅವಳು ತಿರುಗಿ ನೋಡಿದಳು, ಹಾಡು ಅಲ್ಲಿಗೇ ನಿಂತಿತು.

"ಹಾಡು, ಹಾಡು" ಎಂದ.

"ಎಂಥ ಹಾಡು, ಸುಮ್ನಿರಿ" ಎಂದು ಎದ್ದು ಒಳಗೆ ಹೋದಳು. ಅವಳ ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ ಅವನು ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ.

ಎರಡನೇ ಪಾಳಿಯ ಮೇಲ್ವಿಚಾರಕನಾಗಿದ್ದವನು ಅವಳ ತಮ್ಮನೇ. ಈಗ ಅವನೂ ಹಗಲಿಗೆ ಬಂದಿದ್ದ. ಬಾಯಿಗೆ ಬೀಗವಿಲ್ಲದ ಆಸಾಮಿ, ಮನಸ್ಸು ಮಾತ್ರ ಒಳ್ಳೆಯದು. ಕ್ಯಾಂಟೀನಿನಲ್ಲಿ ಒಂದು ದಿನ ಭಾವನ ಎದುರಿಗೆ ತಟ್ಟೆ ಇಟ್ಟುಕೊಂಡು ಕೂತ.

"ಭಾವ, ನಿಮ್ಮ ಪ್ಲಾನಿಂದ ಒಂದು ಪವಾಡ ಆಯ್ತು ನೋಡಿ. ಅಕ್ಕ ಹಗಲಿಗೆ ಬಂದಳು!"

"ಪಾಳಿಯೇ ಇಲ್ಲ ಅಂದ್ಮೇಲೆ ಬರಲೇಬೇಕಲ್ಲ."

"ಅದೇ ಹೇಳಿದ್ದು. ಮಗಳು ಮದುವೆಯಾಗಿ ಹೋದ ಮೇಲೆ ನಾನು ಎಷ್ಟು ಸಲ ಕೇಳಿಲ್ಲ? ಅಕ್ಕಾ, ಹಗಲಲ್ಲಿ ಜಾಗ ಇದೆ, ಹಾಕ್ಲಾ? ಅಕ್ಕಾ, ಹಾಕ್ಲಾ? ಪ್ರತಿ ವರ್ಷ ಕೇಳ್ತಿದ್ದೆ ಭಾವ. ಬೇಡ ಕಣೋ, ನಂಗೆ ಇದೇ ಸರಿ ಅಂತಿದ್ದಳು. ಭಾರೀ ಹಟ ಅವಳದ್ದು, ನಿಮಗೆ ಗೊತ್ತಲ್ಲ."

"ಗೊತ್ತು" ಎಂದ ತಕ್ಕಡಿ. ಏನೂ ಗೊತ್ತಿರಲಿಲ್ಲ. ಭಾವಮೈದುನ ಇನ್ನೇನೋ ಹೇಳಿಕೊಂಡು ನಗುತ್ತಿದ್ದ, ಇವನೂ ನಗಬೇಕಾದಲ್ಲಿ ನಕ್ಕ. ತನ್ನನ್ನೂ ಅವಳನ್ನೂ ಪಾಳಿ ದೂರ ಮಾಡಿತ್ತು ಎಂದು ಇವನು ತಿಳಿದಿದ್ದ. ಆ ಪಾಳಿಯನ್ನು ಅವಳು ವರ್ಷ ವರ್ಷವೂ ಬೇಕೆಂದೇ ಉಳಿಸಿಕೊಳ್ಳುತ್ತಿದ್ದಳು.

ಹೀಗೆ ಆರು ತಿಂಗಳು ಮುಗಿಯುತ್ತ ಬಂತು. ಮುಂದಿನ ವಾರದಿಂದ ಎರಡನೇ ಪಾಳಿ ಮತ್ತೆ ಶುರುವಾಗಬೇಕು, ತಳ್ಳಿದ ಕಲ್ಲನ್ನೆಲ್ಲ ಹೊರಬೇಕು. ಮ್ಯಾನೇಜರ್ ಸಾಹೇಬರು ಅವನನ್ನು ಕರೆಸಿದರು. ಉಳಿತಾಯದ ರುಚಿ ಹತ್ತಿದ ಮನುಷ್ಯ, ಮುಖದ ಮೇಲೆ ಜೇನು ಸುರಿಯುತ್ತಿತ್ತು.

"ಇನ್ನೂ ಆರು ತಿಂಗಳು ತಳ್ಳೋಕಾಗುತ್ತಾ ನೋಡಿ. ಎರಡನೇ ಶಿಫ್ಟ್ ಇಲ್ಲದೆ ಎಷ್ಟು ಚೆನ್ನಾಗಿ ನಡೀತಿದೆ! ನೀವು ಹೂಂ ಅಂದ್ರೆ ಮೇಲಿನವರು ಮರುಮಾತಾಡಲ್ಲ. ನಾಳೆ ಮೀಟಿಂಗ್‌ನಲ್ಲಿ ಹೇಳಿಬಿಡಿ."

ಅವನು ಆಫೀಸಿಗೆ ಬಂದು ಲೆಕ್ಕ ಹಾಕಿದ. ಹಳೇ ರಾಶಿ ತಳ ಕಾಣುತ್ತಿತ್ತು. ಇನ್ನೂ ತಳ್ಳಿದರೆ ಬರುವ ವರ್ಷ ಪೂರ್ವದ ಅದಿರು ಮುಗಿಯುತ್ತದೆ, ಪಶ್ಚಿಮದ್ದು ಕಲ್ಲಿನಡಿಯಲ್ಲೇ ಇರುತ್ತದೆ. ಕಾರ್ಖಾನೆ ಖಾಲಿ ಹೊಟ್ಟೆಯಲ್ಲಿ ತಿರುಗುತ್ತದೆ. ಎಷ್ಟು ಮಂದಿಯನ್ನು ಮನೆಗೆ ಕಳಿಸಬೇಕಾಗುತ್ತದೋ! ಅದು ಸ್ಪಷ್ಟವಿತ್ತು. ಆದರೂ ಇಲ್ಲಿಂದಿಷ್ಟು ಎಳೆದು ಅಲ್ಲಿಗಿಷ್ಟು ತುಂಬಿ, ನೋಡುವವರ ಕಣ್ಣಿಗೆ ಸರಿ ಕಾಣುವ ಹಾಗೆ ಮಾಡುವುದು ಅವನಿಗೆ ಎಡಗೈ ಕೆಲಸ. ತಕ್ಕಡಿಯ ಮಾತನ್ನು ಯಾರು ತೂಗಿ ನೋಡುತ್ತಾರೆ? ಇನ್ನೂ ಆರು ತಿಂಗಳು ಸಿಕ್ಕರೆ ಅವಳು ಒಗ್ಗಿಕೊಂಡಾಳು ಎಂದು ಮನಸ್ಸು ಗೋಗರೆಯಿತು. ಹಾಡಿನ ಮಧ್ಯೆ ಬಾಗಿಲು ತೆರೆದರೂ ಹಾಡು ನಿಲ್ಲದ ದಿನ ಬಂದೀತು.

ಆ ಸಂಜೆ ಎರಡು ಕುರ್ಚಿಯಲ್ಲಿ ಇಬ್ಬರೂ ಕೂತಿದ್ದರು. ಹೊರಗೆ ಬೀದಿದೀಪ ಹತ್ತಿಕೊಂಡಿತ್ತು. ಅವಳೇ ಮೊದಲು ಮಾತಾಡಿದಳು.

"ಸೆಕೆಂಡ್ ಶಿಫ್ಟ್ ಮತ್ತೆ ಶುರುವಂತೆ. ತಮ್ಮ ಕೇಳಿದ. ನಾನು ಹೋಗ್ತೀನಿ ಅಂತ ಹೇಳಿ ಬಂದೆ."

"ಶುರುವಾಗದೇ ಇರಬಹುದು. ಇನ್ನೂ ಆರು ತಿಂಗಳು ತಳ್ಳಿ ಅಂತಿದ್ದಾರೆ ಸಾಹೇಬರು."

"ತಳ್ಳಕ್ಕಾಗುತ್ತಾ?"

"ಮನಸ್ಸು ಮಾಡಿದ್ರೆ ತಳ್ಳಬಹುದು. ಮೊದಲ ಸಲ ತಳ್ಳಿದ್ದೂ ಮನಸ್ಸು ಮಾಡಿಯೇ. ನೀನು ಸಂಜೆ ಮನೇಲಿರಲಿ ಅಂತ" ಎಂದ.

ಅವಳು ಅವನ ಕಡೆ ತಿರುಗಿದಳು. "ನಂಗೋಸ್ಕರನಾ? ಆ ಇಡೀ ಗೋಡೆನಾ?"

"ಹೂಂ."

ಅವಳಿಗೆ ನಗು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಒಂದು ಗುಡ್ಡ ನಿಲ್ಲಿಸಿದ್ರಲ್ರೀ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಏನು ಹೇಳ್ತಿದ್ದೆ?"

"ಬೇಡ ಅಂತಿದ್ದೆ."

ಅವಳ ನಗು ಅಡಗಿತ್ತು. ಅವನು ಕಿಟಕಿಯಾಚೆ ನೋಡುತ್ತ, "ನನ್ನ ಮೇಲೆ ಸಿಟ್ಟಾ?" ಎಂದ.

"ಸಿಟ್ಟು ಯಾಕೆ? ನೀವು ಒಳ್ಳೆಯವರೇ. ನಿಮ್ಮನ್ನ ಬೈಯೋಕೆ ಒಂದು ಕಾರಣ ಹುಡುಕಿದ್ರೂ ಸಿಗಲ್ಲ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೊದಮೊದಲು ಆ ಡಂಪರ್‌ನಲ್ಲಿ ಕೂತು ದಿನಾ ಅಳ್ತಿದ್ದೆ. ನೀವೂ ಮಗಳೂ ಮನೇಲಿ ಊಟ ಮಾಡ್ತಿರ್ತೀರಿ, ನಾನಿಲ್ಲಿ ಕಲ್ಲು ಹೊರ್ತಿದ್ದೀನಿ ಅಂತ. ಆಮೇಲೆ ಅಭ್ಯಾಸ ಆಯ್ತು. ಆಮೇಲೆ ಇಷ್ಟ ಆಯ್ತು. ಹಾಡ್ತೀನಿ, ಮಾತಾಡ್ಕೊತೀನಿ, ಸೂರ್ಯ ಮುಳುಗೋದು ನೋಡ್ತೀನಿ. ಅಲ್ಲಿ ಒಬ್ಬಳೇ ಇದ್ರೆ ಒಬ್ಬಳೇ ಅನ್ಸಲ್ಲ. ಇಲ್ಲಿ ನಿಮ್ಮ ಪಕ್ಕ ಕೂತ್ರೆ ಅನ್ಸುತ್ತೆ."

ತನಗೂ ಈ ಆರು ತಿಂಗಳು ಹಾಗೇ ಅನ್ನಿಸಿದೆ ಎಂದು ಅವನಿಗೆ ಹೇಳಬೇಕೆನಿಸಿತು. ಹೇಳಿದ್ದರೆ ಅವರಿಬ್ಬರೂ ಕೂಡಿ ಆಡಿದ ಮೊದಲ ನಿಜವಾದ ಮಾತಾಗುತ್ತಿತ್ತೋ ಏನೋ. ಹೇಳಲಿಲ್ಲ ಮಾರಾಯ. "ಊಟ ಬಿಸಿ ಮಾಡ್ತೀನಿ" ಎಂದು ಎದ್ದ.

ಮಾರನೇ ದಿನ ಮೀಟಿಂಗಿನಲ್ಲಿ ಸಾಹೇಬರು ನಗುಮುಖದಿಂದ ಅವನ ಕಡೆ ತಿರುಗಿದರು. ಎಲ್ಲರೂ ಕಾಯುತ್ತಿದ್ದರು. ಮೇಜಿನ ಆ ತುದಿಯಲ್ಲಿ ಭಾವಮೈದುನ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದ. ಹೂಂ ಎಂಬ ಒಂದು ಅಕ್ಷರ ಹೇಳಿದ್ದರೆ ಹೆಂಡತಿ ಇನ್ನೂ ಆರು ತಿಂಗಳು ಮನೆಯಲ್ಲಿರುತ್ತಿದ್ದಳು, ಆ ಕುರ್ಚಿಯಲ್ಲಿ, ಸದ್ದಿಲ್ಲದ ಟೀವಿಯ ಮುಂದೆ.

"ಆಗಲ್ಲ ಸರ್" ಎಂದ. "ಎರಡನೇ ಶಿಫ್ಟ್ ಶುರು ಮಾಡಲೇಬೇಕು. ಮುಂಚಿಗಿಂತ ಹೆಚ್ಚು ಡಂಪರ್ ಬೇಕು. ಸಾಕಷ್ಟು ತಳ್ಳಿಯಾಯಿತು."

ಸಾಹೇಬರ ಮುಖದ ಜೇನೆಲ್ಲ ಇಂಗಿಹೋಯಿತು. "ಹಾಗಿದ್ರೆ ಮೊದಲು ತಳ್ಳಿದ್ದಾದ್ರೂ ಯಾಕೆ? ಆವಾಗ ಈ ಬುದ್ಧಿ ಎಲ್ಲಿ ಹೋಗಿತ್ತು ನಿಮಗೆ?"

"ನನ್ನ ತಪ್ಪು" ಎಂದ. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಕೇಳದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರು ಚೆನ್ನಾಗಿಯೇ ಬೈದರು. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ.

ಸೋಮವಾರ ಎರಡನೇ ಪಾಳಿ ಶುರುವಾಯಿತು. ಆಫೀಸು ಬಿಟ್ಟು ಹೊರಗೆ ಬಂದಾಗ ಗೇಟಿನ ಹತ್ತಿರ ಅವಳು ಎದುರಾದಳು. ಹೆಲ್ಮೆಟ್ಟು ಕಂಕುಳಲ್ಲಿತ್ತು, ತಲೆಗೆ ಬಟ್ಟೆ ಬಿಗಿದು ಕಟ್ಟಿದ್ದಳು. ಮುಖ ಗೆಲುವಾಗಿತ್ತು. ಆ ಗೆಲುವು ನೋಡಿ ಅವನಿಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು.

"ಊಟ ಮುಚ್ಚಿಟ್ಟಿದ್ದೀನಿ" ಎಂದಳು.

"ಹೂಂ." ಅವಳು ದಾಟಿ ಹೋಗುವಷ್ಟರಲ್ಲಿ, "ಇಲ್ಲಿ ಕೇಳು" ಎಂದ. "ನಿನ್ನ ಡಂಪರ್ ನಂಬರ್ ಎಷ್ಟು?"

ಅವಳು ನಿಂತಳು. "ಯಾಕೆ?"

"ಸುಮ್ನೆ. ಮೇಲೆ ಕಟ್ಟೆ ಹತ್ತಿರ ನಿಂತು ನೋಡೋಣ ಅಂತ."

ಅವಳು ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷದ ಮೇಲಾ ಎಂದು ಕೇಳುತ್ತಾಳೆಂದುಕೊಂಡ, ಕೇಳಲಿಲ್ಲ. "ನಂದು ಅಂತ ಯಾವುದೂ ಇಲ್ವಲ್ರೀ" ಎಂದಳು ಮೆಲ್ಲಗೆ. "ದಿನಾ ಯಾವುದು ಖಾಲಿ ಇರುತ್ತೋ ಅದು." ಅಷ್ಟರಲ್ಲಿ ಸೈರನ್ ಕೂಗಿತು, ಹೆಲ್ಮೆಟ್ಟು ಹಾಕಿಕೊಂಡು ಒಳಗೆ ಹೋದಳು.

ಅವನು ಮನೆಗೆ ಹೋಗಲಿಲ್ಲ. ಗುಂಡಿಯ ಮೇಲಿನ ಕಟ್ಟೆಯ ಹತ್ತಿರ ಹೋಗಿ ಕಂಬಿ ಹಿಡಿದು ನಿಂತ. ಕೆಳಗೆ ಡಂಪರುಗಳು ಒಂದರ ಹಿಂದೊಂದು ಪಶ್ಚಿಮದ ಗೋಡೆಯ ಕಡೆ ಇಳಿಯುತ್ತಿದ್ದವು, ಎಲ್ಲವೂ ಒಂದೇ ಹಳದಿ, ಒಂದೇ ಧೂಳು. ಯಾವುದರಲ್ಲಿ ಅವಳು ಹಾಡುತ್ತಿದ್ದಾಳೋ ಅವನಿಗೆ ತಿಳಿಯುವಂತಿರಲಿಲ್ಲ. ಅದಕ್ಕೆ ಅವನು ಎಲ್ಲವನ್ನೂ ನೋಡುತ್ತ ನಿಂತ.